ಲುಕ್ ಔಟ್ ಅಂದರೆ ಹೊರಗೆ ನೋಡು

ಹೋದ ವಾರ ನಮ್ಮ ಓಣಿಯಲ್ಲಿ ಒಂದು ಮದುವೆಯ ಮೆರವಣಿಗೆ ಹೋಯಿತು. ಸರಿಯಾಗಿ ನಮ್ಮ ಮನೆಯ ಮುಂದೆಯೇ ಯಾರೋ ಪಟಾಕಿಯ ಸರ ಹಚ್ಚಿದರು. ಸದ್ದು ನಿಂತ ಮೇಲೆ ಸುಟ್ಟ ಮದ್ದಿನ ವಾಸನೆ ಒಳಗೆ ಬಂತು. ನಾನು ಎದ್ದು ಹೋಗಿ ಕಿಟಕಿ ಹಾಕಿದೆ. ನನಗೆ ಹೊಗೆ ಆಗಿ ಬರುವುದಿಲ್ಲ ಎಂದು ಮನೆಯವರೆಲ್ಲ ನಂಬಿದ್ದಾರೆ. ಹಾಗೆಂದು ಅವರಿಗೆ ಹೇಳಿದವನು ನಾನೇ. ಆದರೆ ನನಗೆ ಆಗದಿರುವುದು ಹೊಗೆಯಲ್ಲ. ಆ ವಾಸನೆ ಬಂದಾಗಲೆಲ್ಲ ಎಪ್ಪತ್ಮೂರರ ಬೇಸಿಗೆ ನೆನಪಾಗುತ್ತದೆ, ಮತ್ತು ನಾನು ಎಂಥ ಮನುಷ್ಯ ಎಂಬುದು ನೆನಪಾಗುತ್ತದೆ.

ಆಗ ನನಗೆ ಇಪ್ಪತ್ತೆರಡು ವರ್ಷ. ಜತ್ತ ತಾಲೂಕಿನಲ್ಲಿ, ಸೊರಡಿಯಿಂದ ಎರಡು ಹರದಾರಿ ದೂರದ ಒಂದು ಸಣ್ಣ ಊರಿನ ಕನ್ನಡ ಶಾಲೆಗೆ ಮಾಸ್ತರನಾಗಿ ಹೋಗಿದ್ದೆ. ಶಾಲೆಗೆ ಇದ್ದವರು ಇಬ್ಬರೇ ಮಾಸ್ತರರು. ಹೆಡ್‌ಮಾಸ್ತರರಿಗೆ ವಯಸ್ಸಾಗಿತ್ತು. “ಇಂಗ್ಲೀಷ್ ನನ್ನ ಕಡಿಂದ ಆಗೂದಿಲ್ಲಪಾ, ನೀ ಹೊಸ ಹುಡುಗ, ನೀನ ನೋಡು” ಎಂದು ಐದನೆಯ ಇಯತ್ತೆಯನ್ನು, ಅಂದರೆ ಐದನೆಯ ತರಗತಿಯನ್ನು, ನನಗೆ ಒಪ್ಪಿಸಿಬಿಟ್ಟರು. ಮ್ಯಾಟ್ರಿಕ್ಕಿನಲ್ಲಿ ನನಗೆ ಇಂಗ್ಲಿಷಿನಲ್ಲಿ ಬಂದದ್ದು ಪಾಸಾಗುವಷ್ಟು ಅಂಕ ಮಾತ್ರ. ಆದರೆ ಆ ಊರಿನಲ್ಲಿ ಅದನ್ನು ಕೇಳುವವರು ಯಾರು? ಕನ್ನಡ, ಮರಾಠಿ ಎಲ್ಲರಿಗೂ ಬರುತ್ತಿತ್ತು. ಇಂಗ್ಲಿಷ್ ಬರುತ್ತದೆ ಎನ್ನಿಸಿಕೊಂಡವನು ನಾನೊಬ್ಬನೇ. ಕಟ್ಟೆಯ ಮೇಲೆ ಕೂತ ಹಿರಿಯರು ನಾನು ಬಂದರೆ ಸರಿದು ಜಾಗ ಮಾಡಿಕೊಡುತ್ತಿದ್ದರು. “ಬರ್ರಿ ಮಾಸ್ತರ್ರ, ಕುಂದ್ರಿ” ಎನ್ನುತ್ತಿದ್ದರು. ಅಪ್ಪನ ವಯಸ್ಸಿನವರು ಹಾಗೆ ಕರೆದಾಗ ಆಗುವ ಸುಖವನ್ನು ನಾನು ಬಹಳ ಬೇಗ ರೂಢಿ ಮಾಡಿಕೊಂಡೆ.

ಆ ವರ್ಷ ಮಳೆ ಬಿದ್ದಿರಲಿಲ್ಲ. ಊರಿನ ಎರಡೂ ಬಾವಿಗಳು ಸಂಕ್ರಾಂತಿಗೇ ತಳ ಕಂಡಿದ್ದವು. ಶಿವರಾತ್ರಿಯ ಹೊತ್ತಿಗೆ ಶಾಲೆಯ ಹಿಂದಿನ ಮಾಳದಲ್ಲಿ ಊರಿನ ಹೊಸ ಬಾವಿಯ ಕೆಲಸ ಶುರುವಾಯಿತು. ಹತ್ತು ಮೊಳ ಮಣ್ಣು ಹೋದ ಮೇಲೆ ಕರಿ ಬಂಡೆ ಹತ್ತಿತು. ಗುದ್ದಲಿ ಅಲ್ಲಿಗೆ ನಿಂತಿತು. ಆಗ ಬಂಡೆ ಒಡೆಯಲು ವಿಜಾಪುರದ ಕಡೆಯಿಂದ ಹುಲಗಪ್ಪ ಎಂಬವನನ್ನು ಕರೆಸಿದರು.

ಹುಲಗಪ್ಪನಿಗೆ ಐವತ್ತರ ಹತ್ತಿರ. ಎಡಗೈಯ ಕಿರುಬೆರಳು ಇರಲಿಲ್ಲ. ಬಂಡೆಯಲ್ಲಿ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಹಾರಿಸುವುದು ಅವನ ಕಸುಬು. ಅದಕ್ಕೆ ಬಾರು ಹಾರಿಸುವುದು ಎನ್ನುತ್ತಾರೆ. ಹರೆಯದಲ್ಲಿ ಅವನು ಎಲ್ಲಿಯೋ ಒಂದು ದೊಡ್ಡ ಧರಣದ, ಅಂದರೆ ಅಣೆಕಟ್ಟಿನ, ಕೆಲಸದ ಮೇಲೆ ಇಂಗ್ಲಿಷ್ ಮಾತಾಡುವ ಸಾಹೇಬನ ಕೈಕೆಳಗೆ ಕೆಲಸ ಮಾಡಿದ್ದನಂತೆ. ಅಲ್ಲಿ ಕಲಿತ ಕೂಗುಗಳನ್ನೇ ಇಲ್ಲಿಯೂ ಕೂಗುತ್ತಿದ್ದ. ಮೊದಲು ಕೆಂಪು ಅರಿವೆ ಬೀಸಿ ಡಬ್ಬಿ ಬಾರಿಸುವನು. ಬುಟ್ಟಿ ಹೊರುವ ಹೆಂಗಸರು, ಗಂಡಸರು ಎಲ್ಲರೂ ದೂರದ ಕುರಿದೊಡ್ಡಿಯ ಕಲ್ಲುಗೋಡೆಯ ಮರೆಗೆ ಓಡುವರು. ಬತ್ತಿಗೆ ಬೆಂಕಿ ಇಟ್ಟು ಮೇಲೆ ಹತ್ತಿ ಬರುತ್ತ “ಫಾಯರ್, ಫಾಯರ್, ಫಾಯರ್” ಎಂದು ಮೂರು ಸಲ ಕೂಗುವನು. ಒಮ್ಮೊಮ್ಮೆ ಕಲ್ಲು ಎಣಿಸಿದ್ದಕ್ಕಿಂತ ಹೆಚ್ಚು ಎತ್ತರ ಹಾರಿದಾಗ ಅಥವಾ ಬಾರು ತಡವಾದಾಗ “ಲುಕ್ ಔಟ್, ಲುಕ್ ಔಟ್” ಎನ್ನುವನು. ಎಲ್ಲ ಮುಗಿದ ಮೇಲೆ ಮತ್ತೆ ಡಬ್ಬಿ ಬಾರಿಸಿದರೆ ಜನ ಹೊರಗೆ ಬರುತ್ತಿದ್ದರು.

“ಕನ್ನಡದಾಗ ಸರೀರಿ ಅಂದ್ರ ಆಗೂದಿಲ್ಲೇನು?” ಎಂದು ಒಮ್ಮೆ ನಾನೇ ಅವನನ್ನು ಕೇಳಿದ್ದೆ.

“ಸಾಹೇಬ್ರು ಹಂಗ ಕಲಿಸ್ಯಾರ್ರಿ. ಮೂವತ್ತ ವರ್ಷ ಅದನ್ನ ಕೂಗಿ ಬಾರ ಹಾರಿಸೀನಿ. ಬ್ಯಾರೆ ಏನರ ಕೂಗಿದ್ರ ಕೈ ನಡಗತಾವು” ಎಂದಿದ್ದ.

ನನಗೆ ಊಟ ಹಾಕುತ್ತಿದ್ದವಳು ಮಾಳವ್ವ. ಶಾಲೆಯ ಪಕ್ಕದ ಮನೆ. ಗಂಡ ಬೀರಪ್ಪ ಕುರಿ ಹೊಡೆದುಕೊಂಡು ನೀರು ಮೇವು ಇರುವ ಕಡೆ ಹೋದರೆ ಬರುವುದು ಮಳೆ ಬಿದ್ದ ಮೇಲೆ. ಅಲ್ಲಿಯ ತನಕ ಅವಳು ಮತ್ತು ಎರಡನೆಯ ಇಯತ್ತೆಯಲ್ಲಿದ್ದ ಮಗಳು ಕಸ್ತೂರಿ, ಇಬ್ಬರೇ. ಆ ವರ್ಷ ಬಿಳಿಜೋಳ ಕಾಣಸಿಗುತ್ತಿರಲಿಲ್ಲ. ಸರಕಾರ ಕೊಟ್ಟ ಕೆಂಪು ಜೋಳವನ್ನೇ ಬೀಸಿ, ಬಿರಿಯದ ಹಾಗೆ ತಟ್ಟಿ, ಮೊದಲ ರೊಟ್ಟಿ ನನಗೆ ಕೊಡುತ್ತಿದ್ದಳು. ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವಳು. ನಾನು ಅಕ್ಕಾ ಎನ್ನುತ್ತಿದ್ದೆ. ಅವಳೂ ಬಾವಿಯ ಕೆಲಸಕ್ಕೆ ಹೋಗುತ್ತಿದ್ದಳು.

ಮಾಳವ್ವನಿಗೆ ಓದು ಬರಹ ಇರಲಿಲ್ಲ, ಆದರೆ ಕೇಳುವ ಚಟ ಇತ್ತು. ಆಗಷ್ಟೇ ಊರಿಗೆ ಕರೆಂಟಿನ ಕಂಬಗಳು ಬಂದಿದ್ದವು. ಕಂಬದ ಮೇಲಿನ ತಗಡಿನಲ್ಲಿ ತಲೆಬುರುಡೆಯ ಕೆಳಗೆ ಬರೆದದ್ದು ಏನೆಂದು ಕೇಳಿದಳು. “ಡೇಂಜರ್. ಹತ್ತಿರ ಹೋದ್ರ ಜೀವಕ್ಕ ಅಪಾಯ ಅಂತ” ಎಂದೆ. ಹುಲಗಪ್ಪನ ಮದ್ದಿನ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಕೇಳಿದಳು. ಜತ್ತದ ರಸ್ತೆಯ ತಿರುವಿನಲ್ಲಿರುವ ಹಲಗೆಯನ್ನು ಕೇಳಿದಳು. ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದಳು:

“ಅಲ್ರಿ ಮಾಸ್ತರ್ರ, ಹೆದರಸೂ ಮಾತೆಲ್ಲಾ ಇಂಗ್ಲೀಷಿನಾಗ ಯಾಕ ಬರದಿರ್ತಾರ? ಸಾಯವ್ರು ನಾವು. ನಮಗ ತಿಳಿಯೂ ಮಾತಿನಾಗ ಹೇಳಬಾರದೇನ್ರಿ?”

ನಾನು ನಕ್ಕೆ. ಆಗಲೇ ಅವಳು ಕೇಳಿದ್ದು: “ಆ ಹುಲಗಪ್ಪ ಕೂಗತಾನಲ್ರಿ, ಲುಕ್ಕೌಟ ಲುಕ್ಕೌಟ ಅಂತ. ಹಂಗಂದ್ರ ಏನ್ರಿ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಅವಳು ಕೈಯಲ್ಲಿನ ಹಿಟ್ಟು ಹಾಗೇ ಬಿಟ್ಟು ನನ್ನ ಮುಖ ನೋಡುತ್ತ ಕೂತಿದ್ದಳು. ಕಸ್ತೂರಿಯೂ ನೋಡುತ್ತಿದ್ದಳು. ನಾನು ಎರಡು ಶಬ್ದಗಳನ್ನು ಬಿಡಿಸಿ, ಮಾಸ್ತರನ ದನಿಯಲ್ಲಿ ಹೇಳಿದೆ. “ಲುಕ್ ಅಂದ್ರ ನೋಡು. ಔಟ್ ಅಂದ್ರ ಹೊರಗ. ಲುಕ್ ಔಟ್ ಅಂದ್ರ ಹೊರಗ ನೋಡ್ರಿ ಅಂತ.”

“ಅಂದ್ರ, ಬಾರ ಮುಗದಾವು, ಇನ್ನ ನೋಡ್ರಿ ಅಂತ ಹೇಳತಾನ ಅನ್ರಿ.”

“ಹೌದು” ಎಂದೆ.

ಮರುದಿನವೇ ಅವಳು ಅದನ್ನು ಬುಟ್ಟಿ ಹೊರುವ ಹೆಂಗಸರಿಗೆಲ್ಲ ಕಲಿಸಿದಳು. ಅಲ್ಲಿಯ ತನಕ ಹುಲಗಪ್ಪ ಏನು ಕೂಗಿದರೂ ಅವರು ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಗೋಡೆಗೆ ಅಂಟಿ ಕೂತಿರುತ್ತಿದ್ದರು. ಅರ್ಥ ಗೊತ್ತಿಲ್ಲದಿದ್ದಾಗ ಅವರಿಗೆ ಯಾವ ಅಪಾಯವೂ ಇರಲಿಲ್ಲ.

ಚೈತ್ರದ ಬಿಸಿಲು ಏರಿತು. ಬೆಳಗಿನ ಶಾಲೆ ಶುರುವಾಗಿ, ಹತ್ತೂವರೆಗೆ ಮಕ್ಕಳನ್ನು ಬಿಟ್ಟ ಮೇಲೆ ನನಗೆ ಬೇರೆ ಕೆಲಸ ಇರುತ್ತಿರಲಿಲ್ಲ. ಮಾಳದಲ್ಲಿ ಒಂದು ಹಸಿರು ಎಲೆ ಇಲ್ಲ. ಗಾಳಿ ಬಿಟ್ಟರೆ ಬಂಡೆಯ ಪುಡಿ ಎದ್ದು ಶಾಲೆಯ ಒಳಗಿನ ಕರಿಹಲಗೆಯ ಮೇಲೂ ಕೂರುತ್ತಿತ್ತು. ನಾನು ಬೇವಿನ ಗಿಡದ ಕೆಳಗೆ ನಿಂತು ಬಾರು ಹಾರುವುದನ್ನು ನೋಡುತ್ತಿದ್ದೆ. ಹುಲಗಪ್ಪ ಒಮ್ಮೆ ಆಕಾಶದ ಕಡೆ ನೋಡಿ, ಕೈ ಬೀಸಿ, ಲುಕ್ ಔಟ್ ಎಂದು ಕೂಗಿ ತಾನೇ ಗೋಡೆಯ ಮರೆಗೆ ಹಾರಿದ್ದು ಕಂಡಿತು. ಹೊರಗೆ ನೋಡಿರಿ ಎಂದವನು ತಾನೇಕೆ ಅಡಗಿದ ಎಂದು ಮನಸ್ಸಿನಲ್ಲಿ ಒಂದು ಮುಳ್ಳು ಆಡಿತು.

ಆ ವಾರ ಮಾಸ್ತರರ ಸಭೆಗೆ ಬಾಲಗಾಂವಕ್ಕೆ ಸೈಕಲ್ ಮೇಲೆ ಹೋಗಿದ್ದೆ. ಅಲ್ಲಿಯ ಕಪಾಟಿನಲ್ಲಿ ಹುಳ ತಿಂದ ಒಂದು ಇಂಗ್ಲಿಷ್ ಕನ್ನಡ ನಿಘಂಟು ಇತ್ತು. ಯಾರೂ ನೋಡದಾಗ ತೆಗೆದೆ. ಲುಕ್ ಎಂಬ ಶಬ್ದದ ಕೆಳಗೆ ಸಣ್ಣ ಅಕ್ಷರದಲ್ಲಿ ಲುಕ್ ಔಟ್ ಇತ್ತು. ಎಚ್ಚರ, ಜೋಕೆ, ಅಪಾಯವಿದೆ ಎಂದು ಬರೆದಿತ್ತು. ಮೂರು ಸಲ ಓದಿದೆ. ಹೊರಗೆ ನೋಡು ಎಂದು ಎಲ್ಲಿಯಾದರೂ ಇರಬಹುದೇ ಎಂದು ಹಾಳೆ ತಿರುವಿ ಹುಡುಕಿದೆ.

ಬರುವಾಗ ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡೆ. ಅಕ್ಕಾ, ಅವತ್ತ ನಾ ಹೇಳಿದ್ದು ತಪ್ಪ ಐತಿ. ಇಷ್ಟೇ. ಊರು ಮುಟ್ಟಿದಾಗ ಬಾವಿಯ ದಂಡೆಯ ಮೇಲೆ ನಾಲ್ಕೈದು ಜನ ನಿಂತಿದ್ದರು. ನಮ್ಮ ಪೊಲೀಸ್ ಪಾಟೀಲರೂ ಇದ್ದರು. ಊರಿನ ಜಗಳ, ಅಪಘಾತಗಳನ್ನು ಬರೆದು ಜತ್ತಕ್ಕೆ ಕಳಿಸುವ ಅಧಿಕಾರ ಅವರದು. ನನ್ನನ್ನು ಕಂಡ ಕೂಡಲೇ ನಕ್ಕರು.

“ಮಾಸ್ತರ್ರ, ನಮ್ಮ ಮಾಳವ್ವ ಇಂಗ್ಲೀಷ್ ಮಾತಾಡಾಕ ಹತ್ಯಾಳಲ್ರಿ. ಎಲ್ಲಾ ಅರ್ಥ ಬಿಡಿಸಿ ಹೇಳಿದ್ಲು. ಇಂಥಾ ಮಾಸ್ತರ ನಮ್ಮೂರಿಗಿ ಹಿಂದ ಬಂದಿದ್ದಿಲ್ಲ.”

ಮಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾಚಿದಳು. ಅವಳ ಸಂತೋಷವನ್ನು ಅಷ್ಟು ಜನರ ಮುಂದೆ ಕೆಡಿಸಬಾರದು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಸುಳ್ಳು. ಕೆಡುತ್ತಿದ್ದದ್ದು ನನ್ನ ಹೆಸರು. ರಾತ್ರಿ ಊಟಕ್ಕೆ ಕೂತಾಗ ಬೇರೆ ಯಾರೂ ಇರಲಿಲ್ಲ, ಆಗಲೂ ಹೇಳಲಿಲ್ಲ. ನಾಳೆ ಎಂದುಕೊಂಡೆ. ನಾಲ್ಕು ದಿನ ನಾಳೆ ಎಂದುಕೊಂಡೆ.

ಐದನೆಯ ದಿನ ಹುಲಗಪ್ಪ ನಾಲ್ಕು ಬಾರು ತುಂಬಿದ್ದ. ನಾನು ಬೇವಿನ ಗಿಡದ ಕೆಳಗಿದ್ದೆ. ಡಬ್ಬಿ ಬಾರಿಸಿದ, ಫಾಯರ್ ಎಂದು ಕೂಗಿದ. ಒಂದು ಹಾರಿತು. ಎರಡು, ಮೂರು ಕೂಡಿಯೇ ಹಾರಿದವು. ನಾಲ್ಕನೆಯದು ಹಾರಲಿಲ್ಲ. ಹೊಗೆ ಬಾವಿಯಿಂದ ಎದ್ದು ಮಾಳದ ಮೇಲೆ ಹರಡಿತು. ಗೋಡೆಯ ಆ ಕಡೆ ಯಾರೋ ಕೆಮ್ಮಿದರು, ಯಾರೋ ಮಾತಾಡಿದರು. ಮುಗಿಯಿತೆಂದು ತಿಳಿದು ಜನ ಅಲುಗಾಡುತ್ತಿದ್ದಾರೆ ಎಂದು ಹುಲಗಪ್ಪನಿಗೆ ಹೆದರಿಕೆಯಾಗಿರಬೇಕು. ಕೆಂಪು ಅರಿವೆ ಬೀಸುತ್ತ ಗಂಟಲು ಹರಿಯುವ ಹಾಗೆ ಕೂಗಿದ. ಲುಕ್ ಔಟ್. ಲುಕ್ ಔಟ್.

ಗೋಡೆಯ ಮೇಲೆ ಮಾಳವ್ವನ ತಲೆ ಕಂಡಿತು. ಅವಳು ತಲೆಯ ಮೇಲಿನ ಬುಟ್ಟಿ ತೆಗೆದು, ತನಗೆ ಅರ್ಥ ಆಯಿತು ಎನ್ನುವ ಹಾಗೆ, ಬಾವಿಯ ಕಡೆ ನೋಡಿದಳು. ನಾನು ಬಾಯಿ ತೆರೆದೆ. ದನಿ ಹೊರಡುವಷ್ಟರಲ್ಲಿ ನಾಲ್ಕನೆಯ ಬಾರು ಹಾರಿತು.

ಹಾರಿ ಬಂದದ್ದು ದೊಡ್ಡ ಕಲ್ಲಲ್ಲ. ಗುಲಗಂಜಿ ಗಾತ್ರದ ಒಂದು ಚೂರು. ಎಡಗಣ್ಣಿಗೆ ಬಡಿದಿತ್ತು. ನಾವು ಓಡಿಹೋದಾಗ ಅವಳು ಅಳುತ್ತಿರಲಿಲ್ಲ. ಎರಡೂ ಕೈಯಿಂದ ಮುಖ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಬೆರಳುಗಳ ನಡುವಿಂದ ರಕ್ತ ಇಳಿಯುತ್ತಿತ್ತು. “ಕಸ್ತೂರಿ ಸಾಲಿಯಿಂದ ಬಂದಾಳೇನ್ರಿ? ಆಕಿನ ಈ ಕಡಿ ಬಿಡಬ್ಯಾಡ್ರಿ” ಎಂದಳು. ಚಕ್ಕಡಿಯಲ್ಲಿ ಹಾಕಿ ರಸ್ತೆಯ ತನಕ ಒಯ್ದು, ಅಲ್ಲಿಂದ ಸಿಕ್ಕ ಲಾರಿಯಲ್ಲಿ ಮಿರಜಿಯ ದವಾಖಾನೆಗೆ ಕಳಿಸಿದರು. ಜೊತೆಗೆ ನಾನು ಹೋಗಲಿಲ್ಲ. ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕು ಎಂದು ಹೇಳಿ ಉಳಿದುಕೊಂಡೆ.

ಸಂಜೆಗೆ ಪಾಟೀಲರು ಚಾವಡಿಯಲ್ಲಿ ಪಂಚನಾಮೆಗೆ ಕೂತರು. ಮರಾಠಿಯಲ್ಲಿ ಶುದ್ಧವಾಗಿ ಬರೆಯುವವನು ನಾನಾದ್ದರಿಂದ ಕಾಗದ ಲೇಖನಿ ನನ್ನ ಮುಂದೆ ಬಂದವು. ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿದರು. ಎಲ್ಲರೂ ಒಂದೇ ಮಾತು ಹೇಳಿದರು. “ಬಾರ ಬಾಕಿ ಇರೂಮುಂದ ಇವ ಹೊರಗ ನೋಡ್ರಿ ಅಂತ ಕೂಗಿದ್ನರಿ. ಪಾಪ, ಆಕಿ ನೋಡಿದ್ಲು.” ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಕೇಳಿದ್ದನ್ನೇ ಹೇಳುತ್ತಿದ್ದರು.

ಹುಲಗಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಮೈಮೇಲೆಲ್ಲ ಬಂಡೆಯ ಪುಡಿ ಹಾಗೇ ಇತ್ತು. “ನಾ ಹೊರಗ ನೋಡ್ರಿ ಅಂದಿಲ್ರಿ. ಲುಕ್ ಔಟ್ ಅಂದೀನಿ. ಕಲ್ಲ ಬರೂಮುಂದ ಸಾಹೇಬ್ರು ಅದನ್ನ ಅಂತಿದ್ರು. ಅದರ ಅರ್ಥ ನನಗ ಗೊತ್ತಿಲ್ರಿ, ನಾ ಸಾಲಿ ಕಲಿತಂವ ಅಲ್ಲ. ಮಾಸ್ತರ ಅದಾರಲ್ಲ, ಅವರನ್ನ ಕೇಳ್ರಿ” ಎಂದ.

ಅವನ ಕಣ್ಣಲ್ಲಿ ನನ್ನ ಮೇಲೆ ಪೂರ್ತಿ ಭರವಸೆ ಇತ್ತು. ಇಂಗ್ಲಿಷ್ ಬಲ್ಲವನೊಬ್ಬ ಇದ್ದಾನೆ, ಇನ್ನು ನಾನು ಉಳಿದೆ ಎಂದುಕೊಂಡಿದ್ದನೇನೋ.

“ಹೇಳ್ರಿ ಮಾಸ್ತರ್ರ, ಅದರ ಅರ್ಥ ಏನು?” ಪಾಟೀಲರು ಕೇಳಿದರು.

ನಾನು ಕಾಗದ ನೋಡುತ್ತ ಹೇಳಿದೆ: “ಲುಕ್ ಅಂದ್ರ ನೋಡು. ಔಟ್ ಅಂದ್ರ ಹೊರಗ.”

ಬಿಡಿಬಿಡಿಯಾಗಿ ಎರಡೂ ಸರಿ. ಆ ಹೊತ್ತಿನಲ್ಲಿಯೂ ನಾನು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಆಮೇಲೆ ಪಾಟೀಲರು ಹೇಳಿದಂತೆ ಬರೆದೆ. ಒಂದು ಬಾರು ಬಾಕಿ ಇರುವಾಗಲೇ ಬಾರು ಹಾರಿಸುವವನು ಹೊರಗೆ ನೋಡಿರಿ ಎಂದು ಕೂಗಿ ಜನರನ್ನು ಮೋಸಗೊಳಿಸಿದ ಎಂದು ನನ್ನ ದುಂಡು ಅಕ್ಷರಗಳಲ್ಲಿ ಬರೆದೆ. ಗಟ್ಟಿಯಾಗಿ ಓದಿ ಹೇಳಿದೆ. ಹೆಂಗಸರು ಹೆಬ್ಬೆರಳು ಒತ್ತಿದರು. ಕೊನೆಗೆ ಹುಲಗಪ್ಪನ ಸರದಿ. ಅವನು ತನ್ನ ಮೇಲಿನ ಆರೋಪದ ಕಾಗದಕ್ಕೆ ತಾನೇ ಹೆಬ್ಬೆರಳು ಒತ್ತುತ್ತ, “ಹಂಗ ಅರ್ಥ ಇದ್ರ, ಇಷ್ಟ ವರ್ಷ ನಾ ಎಷ್ಟ ಮಂದೀಗಿ ಹೊರಗ ನೋಡ್ರಿ ಅಂದಿರಬೇಕು” ಎಂದ. ಯಾರಿಗೂ ಅಲ್ಲ, ತನಗೇ ಹೇಳಿಕೊಂಡ.

ಮದ್ದು ಇಟ್ಟುಕೊಳ್ಳುವ ಅವನ ಪರವಾನಗಿ ಹೋಯಿತೆಂದು ಆಮೇಲೆ ಕೇಳಿದೆ. ಮರುದಿನ ಬೆಳಿಗ್ಗೆ ಅವನು ಊರು ಬಿಡುವಾಗ ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಸುತ್ತಿಗೆ, ಹಾರೆಗಳನ್ನು ಗೋಣಿಚೀಲದಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು, ಬಾಗಿಲ ಮುಂದೆ ನಿಂತು ನನಗೆ ಕೈಮುಗಿದು ಹೋದ. ಯಾರೂ ಅವನನ್ನು ಕಳಿಸಲು ಬಂದಿರಲಿಲ್ಲ. ಅವನು ಆಮೇಲೆ ಎಲ್ಲಿಗೆ ಹೋದ, ಹೇಗೆ ಬದುಕಿದ, ನನಗೆ ಗೊತ್ತಾಗಲಿಲ್ಲ. ತಿಳಿದುಕೊಳ್ಳಲು ನಾನು ಪ್ರಯತ್ನಿಸಲೂ ಇಲ್ಲ.

ಮಾಳವ್ವ ಇಪ್ಪತ್ತು ದಿನದ ಮೇಲೆ ಒಂದು ಕಣ್ಣು ಕಳೆದುಕೊಂಡು ಬಂದಳು. ಅಷ್ಟು ದಿನ ಕಸ್ತೂರಿಗೆ ನಾನೇ ರೊಟ್ಟಿ ಮಾಡಿ ಹಾಕಿದ್ದೆ. ನೆಟ್ಟಗೆ ತಟ್ಟಲು ಬರುತ್ತಿರಲಿಲ್ಲ, ಆ ಹುಡುಗಿ ಮಾತಾಡದೆ ತಿನ್ನುತ್ತಿದ್ದಳು. ಮಾಳವ್ವ ಬಂದವಳೇ ಅದಕ್ಕಾಗಿ ನನಗೆ ಎಷ್ಟೋ ಸಲ ಕೈಮುಗಿದಳು. “ನೀವು ಇದ್ರಿ ಅಂತ ನನ್ನ ಮಗಳು ಉಳೀತ್ರಿ” ಎಂದು ಬಂದವರ ಮುಂದೆಲ್ಲ ಹೇಳಿದಳು. ಮರುದಿನದಿಂದ ಮತ್ತೆ ಮೊದಲ ರೊಟ್ಟಿ ನನಗೇ. ಒಲೆಯ ಮುಂದೆ ಕೂತು, ಉಳಿದ ಒಂದು ಕಣ್ಣಿನಿಂದ ಕೆಂಡದ ದೂರ ಅಳೆಯಲಾಗದೆ ಬೆರಳು ಸುಟ್ಟುಕೊಳ್ಳುತ್ತಿದ್ದಳು. ನಾನು ಅದನ್ನು ನೋಡುತ್ತ ಉಣ್ಣುತ್ತಿದ್ದೆ. ಜೂನಿನಲ್ಲಿ ವರ್ಗಾವಣೆಗೆ ಅರ್ಜಿ ಹಾಕಿದೆ. ಮೊದಲ ಮಳೆ ಬಿದ್ದ ದಿನವೇ ಊರು ಬಿಟ್ಟೆ. ಹೊಸ ಬಾವಿಗೆ ನೀರು ಬಂದದ್ದನ್ನು ನಾನು ನೋಡಲಿಲ್ಲ.

ಆರು ವರ್ಷಗಳಾದವು. ನನಗೆ ಮದುವೆಯಾಗಿತ್ತು. ಒಂದು ಅಮಾವಾಸ್ಯೆಯ ದಿನ ಹೆಂಡತಿಯನ್ನು ಕರೆದುಕೊಂಡು ದಾನಮ್ಮದೇವಿಯ ದರ್ಶನಕ್ಕೆ ಗುಡ್ಡಾಪುರಕ್ಕೆ ಹೋಗಿದ್ದೆ. ಪ್ರಸಾದ ಮುಗಿಸಿ ಕಲ್ಲಿನ ಪಾವಟಿಗೆಯ ಮೇಲೆ ಕೂತಿದ್ದೆವು. ಹೆಂಡತಿಗೆ ನಾನು ಏನೋ ಹೇಳುತ್ತಿದ್ದಾಗ ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು.

“ನಮ್ಮ ಮಾಸ್ತರ ದನಿ ಇದು. ಹೌದಲ್ರಿ?”

ಮಾಳವ್ವ. ಎಡಗಣ್ಣು ಮುಚ್ಚಿ ಅಲ್ಲಿ ಚರ್ಮ ಸುಕ್ಕುಗಟ್ಟಿತ್ತು. ನನ್ನನ್ನು ನೋಡಲು ಇಡೀ ಮುಖವನ್ನೇ ತಿರುಗಿಸಬೇಕಾಗಿತ್ತು. ಪಕ್ಕದಲ್ಲಿ ಎತ್ತರಕ್ಕೆ ಬೆಳೆದ ಹುಡುಗಿ ನಿಂತಿದ್ದಳು. ಕಸ್ತೂರಿ. ಜತ್ತದಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದಾಳೆ ಎಂದಳು ಮಾಳವ್ವ. ನನ್ನ ಹೆಂಡತಿಗೆ ಕೈಮುಗಿದು ಪಕ್ಕದಲ್ಲೇ ಕೂತಳು.

“ಇಂಗ್ಲೀಷ್ ಭಾಳ ಚಲೋ ಐತ್ರಿ ಇಕೀದು. ನಾನೂ ಹೇಳತಿರ್ತೀನಿ, ನಿನ್ನಷ್ಟ ಅಲ್ಲದಿದ್ರೂ ನನಗೂ ನಾಕ ಮಾತ ಬರತಾವು, ನಮ್ಮ ಮಾಸ್ತರು ಕಲಿಸ್ಯಾರು ಅಂತ.” ಹೆಂಡತಿಯ ಕಡೆ ತಿರುಗಿ, “ನಮ್ಮೂರಾಗ ಇವರಷ್ಟ ತಿಳದವ್ರು ಯಾರೂ ಇದ್ದಿಲ್ಲವ್ವ” ಎಂದಳು. ಆಮೇಲೆ ನನಗೆ ಹೇಳಿದಳು:

“ಒಂದ ತಿಳಿಯೂದಿಲ್ರಿ ನನಗ. ನಾ ಆ ಹುಲಗಪ್ಪಗ ಏನ ಮಾಡಿದ್ನಿ? ಬಾರ ಬಾಕಿ ಐತಿ ಅಂತ ಗೊತ್ತಿದ್ದೂ ಹೊರಗ ನೋಡು ಅಂತ ಯಾಕ ಕೂಗಿದ? ದೇವರ ಮುಂದ ಬಂದಾಗೆಲ್ಲಾ ಅವಗ ಕೆಟ್ಟದ್ದ ಬಯಸಬಾರದು ಅಂತೀನಿ. ಬಾಯಾಗ ಬಂದ ಬಿಡತೈತ್ರಿ.”

“ಯವ್ವಾ” ಎಂದಳು ಕಸ್ತೂರಿ. ಮೆಲ್ಲಗೆ ಹೇಳಿದಳು, ಆದರೆ ತಾಯಿಯನ್ನು ನೋಡಲಿಲ್ಲ, ನನ್ನನ್ನು ನೋಡುತ್ತ ಹೇಳಿದಳು. “ನಿನಗ ಎಷ್ಟ ಸರ್ತಿ ಹೇಳೀನಿ. ಅದರ ಅರ್ಥ ಹಂಗಲ್ಲ. ಲುಕ್ ಔಟ್ ಅಂದ್ರ ಹುಷಾರ್ ಅಂತ. ಅವ ನಿನ್ನ ಉಳಸಾಕ ಕೂಗ್ಯಾನ.”

ಮಾಳವ್ವ ನನ್ನ ಕಡೆ ಮುಖ ತಿರುಗಿಸಿದಳು. “ಹಂಗ ಐತೇನ್ರಿ, ಮಾಸ್ತರ್ರ?”

ಹೆಂಡತಿ ನನ್ನ ಪಕ್ಕದಲ್ಲಿದ್ದಳು. ಗುಡಿಯ ಗಂಟೆ ಬಾರಿಸುತ್ತಿತ್ತು. ಇದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಹೌದು ಎನ್ನಲು ಒಂದು ಶಬ್ದ ಸಾಕಿತ್ತು.

“ಎರಡೂ ಆಗತೈತಿ, ಅಕ್ಕಾ” ಎಂದೆ. “ಹೇಳೂದರ ಮ್ಯಾಲ ಇರತೈತಿ.”

ಮಾಳವ್ವನ ಮುಖ ತಿಳಿಯಾಯಿತು. ಮಗಳ ಮೊಣಕೈ ಹಿಡಿದು, “ಕೇಳಿದಿ? ಎರಡ ಪುಸ್ತಕ ಓದಿ ಮಾಸ್ತರಿಗಿ ಕಲಸಾಕ ಬಂದಿ. ಕಾಲ ಮುಟ್ಟು” ಎಂದಳು.

ಕಸ್ತೂರಿ ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ಬಗ್ಗಿದಳು. ಅವಳ ಬೆರಳು ನನ್ನ ಪಾದಕ್ಕೆ ತಾಗಲಿಲ್ಲ. ಪಾದದ ಮುಂದಿನ ಕಲ್ಲನ್ನು ಮುಟ್ಟಿ ಹಿಂದಕ್ಕೆ ಹೋಯಿತು. ಅದು ಮಾಳವ್ವನಿಗೆ ಕಾಣಲಿಲ್ಲ, ನನಗೆ ಕಂಡಿತು. ನಾನು ಕೈ ಎತ್ತಿ ಆ ಹುಡುಗಿಯನ್ನು ಹರಸಿದೆ.